ಉಳ್ಳಾಗಡ್ಡಿ ಬೇರಿನಲ್ಲಿ ಕೋಶ ವಿಭಜನೆ ತಡೆಯುವುದು: ಕಾಲ್ಚಿಸಿನ್ ಬಳಸುವ ಕ್ರಮ

ಕೋಶ ವಿಭಜನೆಯ ಮೊದಲ ಹಂತವಾದ ಪ್ರೊಫೇಸ್‌ನಿಂದ ಕೊನೆಯ ಹಂತವಾದ ಟೀಲೋಫೇಸ್‌ವರೆಗೆ ಎಲ್ಲ ಹಂತಗಳೂ ಒಂದೇ ಸ್ಲೈಡಿನಲ್ಲಿ ಬೇಕು ಅನ್ನುವವರು ವಿಭಜನೆ ತಡೆಯುವ ಕಾಲ್ಚಿಸಿನ್ ಔಷಧದ ಸೀಸೆಯನ್ನು ಮುಟ್ಟುವುದೇ ಬೇಡ. ಬೇರಿನ ತುದಿಯನ್ನು ನೇರ, ಕೋಶವನ್ನು ಇದ್ದಂತೆಯೇ ಹಿಡಿದಿಡುವ ಫಿಕ್ಸೇಟಿವ್‌ಗೆ ಹಾಕಿದರೆ ಸಾಕು. ಕಾಲ್ಚಿಸಿನ್ ಕುಡಿದ ಬೇರಿನಲ್ಲಿ ಅನಾಫೇಸ್, ಅಂದರೆ ವರ್ಣತಂತುಗಳು ಎರಡು ಕಡೆಗೆ ಸರಿಯುವ ಹಂತ, ಸಿಗುವುದಿಲ್ಲ, ಸಿಗಲೂಬಾರದು. ವರ್ಣತಂತುಗಳನ್ನು ಎಣಿಸಬೇಕು, ಉದ್ದ ಅಳೆಯಬೇಕು, ಕ್ಯಾರಿಯೋಟೈಪ್ (ವರ್ಣತಂತುಗಳನ್ನು ಗಾತ್ರದ ಪ್ರಕಾರ ಸಾಲಾಗಿಟ್ಟ ಚಿತ್ರ) ಜೋಡಿಸಬೇಕು ಅಂದಾಗ ಮಾತ್ರ ಇದರ ಅಗತ್ಯ. ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ಇವೆರಡೂ ಪ್ರಯೋಗ ಒಂದರೊಳಗೊಂದು ಕಲಸಿಹೋಗಿರುತ್ತವೆ. ಹಾಗಾಗಿಯೇ ಮಕ್ಕಳು ಇಲ್ಲದ ಅನಾಫೇಸ್ ಹುಡುಕುತ್ತ ಮಧ್ಯಾಹ್ನ ಕಳೆಯುತ್ತಾರೆ.

ಔಷಧ ಮಾಡುವ ಕೆಲಸ ಇಷ್ಟು. ವರ್ಣತಂತುಗಳನ್ನು ಎರಡು ಕಡೆ ಎಳೆಯುವ ಸ್ಪಿಂಡಲ್ ಎಳೆಗಳು ಟ್ಯುಬ್ಯುಲಿನ್ ಎಂಬ ಪ್ರೋಟೀನಿನಿಂದ ಆಗಿವೆ. ಆ ಎಳೆ ಕಟ್ಟಿಟ್ಟ ಹಗ್ಗದಂತೆ ಸ್ಥಿರವಲ್ಲ. ಒಂದು ಕಡೆ ಹೊಸ ತುಣುಕು ಸೇರುತ್ತಿರುತ್ತದೆ, ಇನ್ನೊಂದು ಕಡೆ ಬಿಚ್ಚುತ್ತಿರುತ್ತದೆ. ಕಾಲ್ಚಿಸಿನ್ ಟ್ಯುಬ್ಯುಲಿನ್‌ಗೆ ಅಂಟಿಕೊಂಡರೆ ಸೇರುವುದು ನಿಲ್ಲುತ್ತದೆ, ಬಿಚ್ಚುವುದು ನಡೆದೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಎಳೆಯೇ ಇರುವುದಿಲ್ಲ. ವರ್ಣತಂತುಗಳು ಎರಡು ಕಡೆ ಸರಿಯುವ ಮುಂಚಿನ ಮೆಟಾಫೇಸ್ ಸ್ಥಿತಿಯಲ್ಲೇ ಕೋಶದ ತುಂಬ ಚೆದುರಿ ನಿಲ್ಲುತ್ತವೆ.

ಆದರೆ ನಿಂತದ್ದು ಸ್ಪಿಂಡಲ್, ಕೋಶದ ಗಡಿಯಾರವಲ್ಲ. ವರ್ಣತಂತುಗಳು ಸುರುಳಿ ಸುತ್ತಿಕೊಳ್ಳುತ್ತ ಗಿಡ್ಡವಾಗುತ್ತಲೇ ಹೋಗುತ್ತವೆ. ಇನ್ನೂ ಕೆಲವು ಗಂಟೆ ಬಿಟ್ಟರೆ ಕೋಶ ಕಾಯುವುದನ್ನು ಬಿಟ್ಟು, ಇಬ್ಭಾಗವಾದ ಎಲ್ಲ ವರ್ಣತಂತುಗಳನ್ನೂ ಒಂದೇ ನ್ಯೂಕ್ಲಿಯಸ್‌ನಲ್ಲಿ ತುಂಬಿಕೊಳ್ಳುತ್ತದೆ. ಉಳ್ಳಾಗಡ್ಡಿಯ ಕೋಶದಲ್ಲಿ 16 ಇದ್ದದ್ದು 32 ಆಗುತ್ತದೆ. ಕೆಳಗೆ ಹೇಳುವ ಗಂಟೆ, ಡಿಗ್ರಿಗಳ ಲೆಕ್ಕವೆಲ್ಲ ಈ ನಡುವಿನ ಸಣ್ಣ ಅವಧಿಯನ್ನು ಹಿಡಿಯಲಿಕ್ಕೇ ಇದೆ.

ಮೊದಲು ವಿಷದ ಮಾತು

ಗೌಟ್ ಎಂಬ ಸಂಧಿವಾತಕ್ಕೆ ಕೊಡುವ ಕಾಲ್ಚಿಸಿನ್ ಮಾತ್ರೆಯಲ್ಲಿ 0.5 ಮಿ.ಗ್ರಾಂ ಔಷಧ ಇರುತ್ತದೆ. ಬೇರಿಗೆ ಬಳಸುವ ಶೇ. 0.05ರ ದ್ರಾವಣ 100 ಮಿ.ಲೀ. ಇದ್ದರೆ ಅದರಲ್ಲಿ 50 ಮಿ.ಗ್ರಾಂ, ಅಂದರೆ ನೂರು ಮಾತ್ರೆಯಷ್ಟು. ಹೊಟ್ಟೆಗೆ ಹೋದರೆ ಪ್ರಾಣ ತೆಗೆಯುವ ಪ್ರಮಾಣ ಅದು. ವಾಂತಿ ಭೇದಿ ತಕ್ಷಣ ಕಾಣಿಸದೆ ಕೆಲವು ಗಂಟೆ ತಡವಾಗಿ ಶುರುವಾಗುವುದರಿಂದ 'ಏನೂ ಆಗಿಲ್ಲ' ಎಂದು ಸುಮ್ಮನಿರುವಂತಿಲ್ಲ. ಬಾಯಿಗೆ ಹೋಗಿದೆ ಎಂಬ ಅನುಮಾನ ಬಂದರೂ ಸೀಸೆಯ ಲೇಬಲ್ ಸಮೇತ ನೇರ ದೊಡ್ಡಾಸ್ಪತ್ರೆಗೆ ಹೋಗಬೇಕು.

ಗಿಡದ ಕೋಶಕ್ಕೆ ಇಷ್ಟು ಗಟ್ಟಿ ದ್ರಾವಣ ಯಾಕೆ ಬೇಕು ಅಂದರೆ, ಗಿಡಗಳ ಟ್ಯುಬ್ಯುಲಿನ್‌ಗೆ ಕಾಲ್ಚಿಸಿನ್ ಸರಿಯಾಗಿ ಅಂಟುವುದಿಲ್ಲ. ಪ್ರಾಣಿಗಳ ಟ್ಯುಬ್ಯುಲಿನ್‌ಗೆ ಚೆನ್ನಾಗಿ ಅಂಟುತ್ತದೆ. ಬೇರು ತಡೆದುಕೊಳ್ಳುವ ದ್ರಾವಣಕ್ಕಿಂತ ಸಾವಿರಾರು ಪಟ್ಟು ತೆಳುವಾದದ್ದೇ ನಮ್ಮ ಕೋಶದ ವಿಭಜನೆ ನಿಲ್ಲಿಸಲು ಸಾಕು. ಆದ್ದರಿಂದ ನೈಟ್ರೈಲ್ ಗ್ಲೌಸ್, ಕನ್ನಡಕ, ಪೂರ್ತಿ ತೋಳಿನ ಏಪ್ರನ್ ಇರಲೇಬೇಕು. ಪಿಪೆಟ್ಟಿಗೆ ಬಾಯಿ ಹಾಕಿ ಎಳೆಯುವ ಹಳೆ ರೂಢಿ ಈ ಮೇಜಿಗೆ ಬರಲೇಕೂಡದು. ಗರ್ಭಿಣಿಯರು ಈ ಹಂತದಿಂದ ದೂರ ಇರಬೇಕು. ಮಧ್ಯೆ ಮಂಡಕ್ಕಿ ಮಿರ್ಚಿಗೆಂದು ಹೊರಗೆ ಓಡುವ ಮುನ್ನ ಗ್ಲೌಸ್ ಬಿಚ್ಚಿ ಸೋಪಿನಲ್ಲಿ ಕೈ ತೊಳೆಯಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಿದರೆ ಗ್ಲೌಸ್ ಹಾಕಿ ಏನೂ ಉಪಯೋಗವಿಲ್ಲ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು ಹಳದಿ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯಲ್ಲೂ, ಅದರ ಗೆಡ್ಡೆ ಬೀಜಗಳಲ್ಲೂ, ಕಾಲ್ಚಿಸಿನ್ ಇದೆ. ಹಾಗಂತ ಗೆಡ್ಡೆ ಅರೆದು ರಸ ತೆಗೆದು ಪ್ರಯೋಗ ಮಾಡುವ ಯೋಚನೆ ಬೇಡ. ಎಷ್ಟು ಔಷಧ ಇಳಿದಿದೆ ಅನ್ನುವುದು ತಿಳಿಯುವುದಿಲ್ಲ, ಫಲಿತಾಂಶಕ್ಕೆ ಅರ್ಥವಿರುವುದಿಲ್ಲ, ಅಪಾಯ ಮಾತ್ರ ಪೂರ್ತಿ ಇರುತ್ತದೆ.

ಗಡ್ಡೆ ಆರಿಸುವುದು, ಬೇರು ಬರಿಸುವುದು

ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆ ಉಳ್ಳಾಗಡ್ಡಿಗೆ ಬರವಿಲ್ಲ. ಆದರೆ ಹೊಲದಿಂದ ಆಗಷ್ಟೇ ಕಿತ್ತು ತಂದ ಗಡ್ಡೆ ಈ ಕೆಲಸಕ್ಕೆ ಬಾರದು. ಕಿತ್ತ ಮೇಲೆ ಕೆಲವು ವಾರ ಅದು ಸುಪ್ತಾವಸ್ಥೆಯಲ್ಲಿರುತ್ತದೆ, ನೀರಿನಲ್ಲಿಟ್ಟರೂ ಬೇರು ಬಿಡಲು ಹಟ ಮಾಡುತ್ತದೆ. ಮುಂಗಾರು ಬೆಳೆ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಅಂಗಡಿಯಲ್ಲಿ ಹಳೆ ದಾಸ್ತಾನು ಕೇಳಿ ತನ್ನಿ. ಅಡುಗೆಗೆ ಯಾರೂ ಆರಿಸದ, ನೆತ್ತಿಯಲ್ಲಿ ಹಸಿರು ಮೊಳಕೆ ಇಣುಕುತ್ತಿರುವ ಗಡ್ಡೆಯೇ ಇಲ್ಲಿ ಉತ್ತಮ. ಗಾತ್ರ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿರಲಿ. ಮೊಳಕೆ ಬರದಂತೆ ರಾಸಾಯನಿಕ ಸಿಂಪಡಿಸಿದ ಅಥವಾ ವಿಕಿರಣ ಹಾಯಿಸಿದ ಗಡ್ಡೆಯಲ್ಲಿ ವಿಭಜನೆಯನ್ನು ಬೇಕೆಂದೇ ತಡೆದಿರುತ್ತಾರೆ. ಹತ್ತು ಗಡ್ಡೆ ಇಟ್ಟರೂ ಒಂದರಲ್ಲೂ ಬೇರು ಬಾರದಿದ್ದರೆ ಅಂಗಡಿ ಬದಲಿಸಿ.

ಒಣಗಿದ ಹೊರಸಿಪ್ಪೆ ತೆಗೆಯಿರಿ. ಬುಡದಲ್ಲಿರುವ ಕಂದು ಬಣ್ಣದ ಹಳೆ ಬೇರುಗಳನ್ನು ಬ್ಲೇಡಿನಿಂದ ನವಿರಾಗಿ ಕೆರೆಯಿರಿ. ಅವುಗಳ ಕೆಳಗಿನ ಬಿಳಿ ಉಂಗುರಕ್ಕೆ ಗಾಯವಾಗಬಾರದು, ಹೊಸ ಬೇರು ಹುಟ್ಟುವುದು ಅಲ್ಲೇ. ಬಾಯಿ ಸಣ್ಣದಿರುವ ಲೋಟದ ಮೇಲೆ ಗಡ್ಡೆ ಕೂರಿಸಿ, ಬುಡ ಮಾತ್ರ ನೀರು ಮುಟ್ಟುವಷ್ಟು ನೀರು ತುಂಬಿ. ಗಡ್ಡೆಯ ಹೊಟ್ಟೆ ಮುಳುಗಿದರೆ ಎರಡನೇ ದಿನಕ್ಕೆ ಕೊಳೆತ ವಾಸನೆ ಬರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲೆಂದು ಒಂದು ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಟ್ಟು ಬಳಸಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇರು ಮೊಂಡಾಗಿ ಬರುವುದುಂಟು, ಅದಕ್ಕಿಂತ ಹಿಡಿದಿಟ್ಟ ಮಳೆನೀರು ವಾಸಿ. ದಿನಕ್ಕೊಮ್ಮೆ ನೀರು ಬದಲಿಸುತ್ತ ಕತ್ತಲಾದ, ತಂಪಾದ ಮೂಲೆಯಲ್ಲಿಟ್ಟರೆ ಎರಡು ಮೂರು ದಿನದಲ್ಲಿ 1.5ರಿಂದ 2 ಸೆಂ.ಮೀ. ಬೇರು ಬರುತ್ತದೆ. ಕತ್ತರಿಸಬೇಕಾದ ಉದ್ದ ಅದು. 4 ಸೆಂ.ಮೀ. ದಾಟಿದ ಬೇರಿನ ತುದಿಯಲ್ಲಿ ವಿಭಜನೆ ಕಡಿಮೆಯಾಗಿರುತ್ತದೆ.

ದ್ರಾವಣ ಮಾಡುವುದು

ಕಾಲ್ಚಿಸಿನ್ ತಿಳಿ ಹಳದಿ ಪುಡಿ. ತೂಗುವಾಗ ಹಾರುವ ಧೂಳೇ ಅತಿ ಹೆಚ್ಚು ಅಪಾಯದ್ದು. ಕಾಲೇಜಿನ ತಕ್ಕಡಿ 5-10 ಮಿ.ಗ್ರಾಂ ನಿಖರವಾಗಿ ತೂಗುವುದೂ ಅಷ್ಟರಲ್ಲೇ ಇದೆ. ಹಾಗಾಗಿ ತೂಗುವ ಉಸಾಬರಿಗೇ ಹೋಗಬೇಡಿ. 100 ಮಿ.ಗ್ರಾಂ ಸೀಸೆ ತರಿಸಿ, ಡಿಸ್ಟಿಲ್ಡ್ ನೀರನ್ನು ಆ ಸೀಸೆಗೇ ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಿ. ಹೀಗೆ ಮೂರ್ನಾಲ್ಕು ಸಲ ತೊಳೆದು ತೆಗೆದು ಒಟ್ಟು 20 ಮಿ.ಲೀ. ಮಾಡಿ. ಇದು ಶೇ. 0.5ರ ಸ್ಟಾಕ್, ಅಂದರೆ ಮುಂದೆ ತೆಳು ಮಾಡಿ ಬಳಸುವ ಗಟ್ಟಿ ದ್ರಾವಣ. ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕಾಯಿಸುವ ಅಗತ್ಯ ಇಲ್ಲ.

ಸ್ಟಾಕನ್ನು 2 ಮಿ.ಲೀ.ಯಂತೆ ಸಣ್ಣ ವಯಲ್‌ಗಳಿಗೆ ಹಂಚಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಹೆಸರು, ಪ್ರಮಾಣ, ತಾರೀಖು, 'ವಿಷ' ಎಂದು ಬರೆದು, ಬೀಗ ಇರುವ ಫ್ರೀಜರ್‌ನಲ್ಲಿಡಿ. ಲ್ಯಾಬಿನ ಹಾಲು, ನೀರಿನ ಬಾಟಲಿ ಇಡುವ ಫ್ರಿಜ್ ಇದಕ್ಕಲ್ಲ. ಫಾಯಿಲ್ ಯಾಕೆಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಾಕಿದರೆ ಕಾಲ್ಚಿಸಿನ್ ಲ್ಯೂಮಿಕಾಲ್ಚಿಸಿನ್ ಆಗಿ ಬದಲಾಗುತ್ತದೆ, ಅದು ಟ್ಯುಬ್ಯುಲಿನ್‌ಗೆ ಅಂಟುವುದಿಲ್ಲ. ಕಿಟಕಿ ಪಕ್ಕದ ಕಪಾಟಿನಲ್ಲಿ ಪಾರದರ್ಶಕ ಬಾಟಲಿಯಲ್ಲಿ ವರ್ಷಗಟ್ಟಲೆ ಕೂತ ದ್ರಾವಣ ಕೆಲಸ ಮಾಡದಿರಲು ಇದೇ ಕಾರಣ. ಬಳಸುವ ದಿನ 2 ಮಿ.ಲೀ. ಸ್ಟಾಕಿಗೆ 18 ಮಿ.ಲೀ. ನೀರು ಸೇರಿಸಿದರೆ ಶೇ. 0.05ರ ದ್ರಾವಣ 20 ಮಿ.ಲೀ. ಸಿಗುತ್ತದೆ. ಒಂದು ಬ್ಯಾಚಿಗೆ ಧಾರಾಳ ಸಾಕು.

ಬೇರು ನೆನೆಸುವ ಮೂರು ಗಂಟೆ

ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸುವುದು ಅನುಕೂಲ. ಉಳ್ಳಾಗಡ್ಡಿ ಬೇರಿನಲ್ಲಿ ಸಾಮಾನ್ಯವಾಗಿ ಬೆಳಗಿನ ಹೊತ್ತು ವಿಭಜನೆ ಚುರುಕಾಗಿರುತ್ತದೆ. ಔಷಧವಿಲ್ಲದೆ ಮಾಡುವಾಗ ಈ ಹೊತ್ತು ತಪ್ಪಿದರೆ ಸ್ಲೈಡಿನಲ್ಲಿ ವಿಭಜನೆಯ ಕೋಶಗಳು ಕಡಿಮೆ ಸಿಗಬಹುದು. ಕಾಲ್ಚಿಸಿನ್ ಇದ್ದಾಗ ಅಷ್ಟು ಬಿಗಿ ಇಲ್ಲ, ಯಾಕೆಂದರೆ ಆ ಮೂರು ಗಂಟೆಯಲ್ಲಿ ಮೆಟಾಫೇಸ್ ತಲುಪಿದ ಕೋಶಗಳೆಲ್ಲ ಮುಂದೆ ಹೋಗಲಾಗದೆ ಅಲ್ಲೇ ಜಮಾಯಿಸುತ್ತವೆ.

ತುದಿಯಿಂದ 1 ಸೆಂ.ಮೀ. ಬೇರನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ, ಅಗಲ ತಳದ ವಯಲ್‌ನಲ್ಲಿ 5 ಮಿ.ಲೀ. ದ್ರಾವಣಕ್ಕೆ ಹತ್ತು ತುದಿಗಳಂತೆ ಹಾಕಿ. ಉದ್ದನೆಯ ಟೆಸ್ಟ್‌ಟ್ಯೂಬಿನ ತಳಕ್ಕೆ ಬೇರು ಮುಳುಗಿದರೆ ಆಮ್ಲಜನಕ ಸಾಲದು. ಆಗ ವಿಭಜನೆ ಮೆಟಾಫೇಸ್‌ಗೆ ಬರುವ ಮೊದಲೇ ನಿಲ್ಲುತ್ತದೆ. ತೆಳ್ಳಗೆ ಹರಡಿದ ದ್ರಾವಣ, ಆಗಾಗ ಒಂದು ಸಣ್ಣ ಅಲುಗಾಟ, ಮೇಲೆ ಕತ್ತಲು ಇರಲಿ.

ಪುಸ್ತಕಗಳಲ್ಲಿ 'ಕೊಠಡಿಯ ಉಷ್ಣಾಂಶ' ಎಂದಿರುತ್ತದೆ. ಅದು 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ಊರಿನವರು ಬರೆದದ್ದು. ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ 36-37 ಡಿಗ್ರಿ ಇರುತ್ತದೆ, ಪರೀಕ್ಷೆಗಳೂ ಅದೇ ಹೊತ್ತಿಗೆ. ಅಷ್ಟು ಬಿಸಿಯಲ್ಲಿ ಬೇರು ಬಳಲಿ ವಿಭಜನೆಯೇ ಕುಸಿಯುತ್ತದೆ, ಸಿಕ್ಕ ವರ್ಣತಂತುಗಳೂ ಚುಕ್ಕೆಯಷ್ಟು ಗಿಡ್ಡವಾಗಿರುತ್ತವೆ. ಹೊಸ ಮಣ್ಣಿನ ಮಡಿಕೆಯಲ್ಲಿ ನೀರು ತುಂಬಿ, ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡುವಲ್ಲಿಟ್ಟು, ವಯಲ್‌ಗಳನ್ನು ಅದರೊಳಗೆ ತೇಲಬಿಡಿ. ಅಥವಾ ಥರ್ಮಾಕೋಲ್ ಡಬ್ಬಿಯ ನೀರಿಗೆ ಒಂದೊಂದೇ ಐಸ್ ತುಂಡು ಹಾಕುತ್ತ ಥರ್ಮಾಮೀಟರ್ ನೋಡಿಕೊಳ್ಳಿ. 20-22 ಡಿಗ್ರಿಯಲ್ಲಿ ಮೂರು ಗಂಟೆ, 28ರ ಆಸುಪಾಸಿನಲ್ಲಿ ಎರಡು ಗಂಟೆ ಎಂದು ಹಿಡಿದು ಶುರು ಮಾಡಿ. ಮೊದಲ ಸಲ ಎರಡು, ಮೂರು, ನಾಲ್ಕು ಗಂಟೆಗೆ ಒಂದೊಂದು ವಯಲ್ ತೆಗೆದು ಹೋಲಿಸಿದರೆ ನಿಮ್ಮ ಲ್ಯಾಬಿನ ಲೆಕ್ಕ ನಿಮಗೇ ಸಿಗುತ್ತದೆ. ಪಕ್ಕದಲ್ಲಿ ಬರೀ ನೀರಿನಲ್ಲಿಟ್ಟ ತುದಿಗಳದ್ದೊಂದು ವಯಲ್ ಇರಲೇಬೇಕು. ಅದಿಲ್ಲದೆ ತಪ್ಪು ಗಡ್ಡೆಯದ್ದೋ ಔಷಧದ್ದೋ ಹೇಳಲಾಗದು.

ಸಮಯ ಮುಗಿದ ಮೇಲೆ ದ್ರಾವಣವನ್ನು ತ್ಯಾಜ್ಯದ ಬಾಟಲಿಗೆ ತೆಗೆದು, ಬೇರುಗಳನ್ನು ಮೂರು ಸಲ ನೀರಿನಲ್ಲಿ ತೊಳೆಯಿರಿ. ಆ ತೊಳೆದ ನೀರೂ ತ್ಯಾಜ್ಯದ ಬಾಟಲಿಗೇ. ಸಿಂಕಿಗೆ ಸುರಿಯಬೇಡಿ. ಬಾಟಲಿ ತುಂಬಿದಾಗ ಅಪಾಯಕಾರಿ ತ್ಯಾಜ್ಯ ಒಯ್ಯುವ ಅಧಿಕೃತ ಸಂಸ್ಥೆಗೆ ಕೊಡಬೇಕು. ಮೇಜಿನ ಮೇಲೆ ಚೆಲ್ಲಿದರೆ ಒದ್ದೆ ಟಿಶ್ಯೂನಲ್ಲಿ ಒರೆಸಿ ಅದನ್ನೂ ಕವರಿನಲ್ಲಿ ಕಟ್ಟಿಡಿ.

ಫಿಕ್ಸ್ ಮಾಡುವುದು, ಮೆತ್ತಗೆ ಮಾಡುವುದು

ಫಿಕ್ಸೇಟಿವ್ ಎಂದರೆ ಮೂರು ಪಾಲು ಆಬ್ಸಲ್ಯೂಟ್ ಆಲ್ಕೊಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಬಳಸುವ ಹತ್ತು ನಿಮಿಷ ಮೊದಲಷ್ಟೇ ಬೆರೆಸಿ. ಬೆರೆಸಿಟ್ಟರೆ ಎರಡೂ ಸೇರಿ ಈಥೈಲ್ ಅಸಿಟೇಟ್ ಆಗುತ್ತ ಹೋಗುತ್ತದೆ, ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬಂದರೆ ಚೆಲ್ಲಿ ಹೊಸದು ಮಾಡಿ. ಬಣ್ಣ ಬೆರೆಸಿದ ಸ್ಪಿರಿಟ್ ಬಳಸಬೇಡಿ. ಬೇರಿನ ಗಾತ್ರಕ್ಕಿಂತ ಹತ್ತು ಪಟ್ಟಾದರೂ ದ್ರವ ಇರಲಿ, 24 ಗಂಟೆ ಬಿಡಿ. ಮರುದಿನವೇ ಸ್ಲೈಡ್ ಮಾಡದಿದ್ದರೆ ಶೇ. 70ರ ಆಲ್ಕೊಹಾಲ್‌ಗೆ ವರ್ಗಾಯಿಸಿ 4 ಡಿಗ್ರಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ.

ಮುಂದಿನದು ಒಂದು ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ. 91.5 ಮಿ.ಲೀ. ನೀರಿಗೆ ಸುಮಾರು 8.5 ಮಿ.ಲೀ. ಗಟ್ಟಿ ಆಮ್ಲವನ್ನು ನಿಧಾನ ಹಾಕಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಆಮ್ಲವನ್ನು ಮೊದಲೇ 60 ಡಿಗ್ರಿಗೆ ತಂದುಕೊಂಡು, ತೊಳೆದ ಬೇರುಗಳನ್ನು ಹಾಕಿ 8 ನಿಮಿಷ ಗಡಿಯಾರ ನೋಡಿ. ವಾಟರ್ ಬಾತ್ ಇಲ್ಲದಿದ್ದರೆ, ಅಥವಾ ಕರೆಂಟು ಕೈಕೊಟ್ಟರೆ, ಅಗಲ ಬಾಯಿಯ ಥರ್ಮಸ್‌ನಲ್ಲಿ 62 ಡಿಗ್ರಿ ನೀರು ತುಂಬಿ ಟ್ಯೂಬನ್ನು ಅದರಲ್ಲಿ ನಿಲ್ಲಿಸಿ, ಹತ್ತು ನಿಮಿಷಕ್ಕೆ ಶಾಖ ಸಾಕಷ್ಟು ಉಳಿಯುತ್ತದೆ. ಆಮ್ಲ ಇಲ್ಲಿ ಕೋಶ ಕೋಶಗಳ ನಡುವಿನ ಪೆಕ್ಟಿನ್ ಅಂಟನ್ನು ಕರಗಿಸುತ್ತದೆ. ಸರಿಯಾಗಿ ಆಯಿತು ಅನ್ನುವುದಕ್ಕೆ ಕಣ್ಣಳತೆ ಇದೆ: ಬೇರಿನ ಉಳಿದ ಭಾಗ ಗಾಜಿನಂತಾಗಿ, ತುದಿಯ 1ರಿಂದ 2 ಮಿ.ಮೀ. ಮಾತ್ರ ಸುಣ್ಣದ ಚುಕ್ಕೆಯಂತೆ ಬೆಳ್ಳಗೆ ಉಳಿಯುತ್ತದೆ. ವಿಭಜನೆ ನಡೆಯುವ ಜಾಗ ಅಷ್ಟೇ. ಈಗ ಮೂರು ಸಲ ನೀರಿನಲ್ಲಿ ತೊಳೆಯಿರಿ, ಆಮ್ಲ ಉಳಿದರೆ ಬಣ್ಣ ಹಿಡಿಯದು.

ಬಣ್ಣ ಮತ್ತು ಒತ್ತು

2 ಗ್ರಾಂ ಆರ್ಸೀನನ್ನು 45 ಮಿ.ಲೀ. ಬಿಸಿ ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, 55 ಮಿ.ಲೀ. ನೀರು ಸೇರಿಸಿ, ಆರಿಸಿ ಸೋಸಿದರೆ ಅಸಿಟೋ ಆರ್ಸೀನ್ ಸಿದ್ಧ. ಹೊಗೆ ಕಟುವಾಗಿರುತ್ತದೆ, ಫ್ಯೂಮ್ ಹುಡ್ ಅಥವಾ ತೆರೆದ ಕಿಟಕಿ ಬೇಕು. ಬಳಸುವ ದಿನ ಮತ್ತೊಮ್ಮೆ ಸೋಸಿ, ಇಲ್ಲದಿದ್ದರೆ ಬಣ್ಣದ ಹರಳುಗಳನ್ನೇ ವರ್ಣತಂತು ಎಂದು ಎಣಿಸುತ್ತೀರಿ. ಅಸಿಟೋಕಾರ್ಮೈನ್ ಇದ್ದರೂ ನಡೆಯುತ್ತದೆ. ಅದಕ್ಕೆ ಸ್ವಲ್ಪ ತುಕ್ಕು ಹಿಡಿದ ಕಬ್ಬಿಣದ ಸೂಜಿಯಿಂದ ಬೇರು ಕೆದಕಿದರೆ ಕಬ್ಬಿಣದ ಅಂಶ ಸೇರಿ ಬಣ್ಣ ಗಾಢವಾಗುತ್ತದೆ. ಸ್ಟೀಲ್ ಸೂಜಿಗೆ ಆ ಗುಣ ಇಲ್ಲ, ಇದೊಂದು ಕಡೆ ಹಳೇ ಸೂಜಿಯೇ ಮೇಲು.

ವಾಚ್ ಗ್ಲಾಸಿನಲ್ಲಿ 20-30 ನಿಮಿಷ ಬಣ್ಣ ಕುಡಿಸಿದ ತುದಿಯನ್ನು ಸ್ಲೈಡಿಗೆ ತನ್ನಿ. ಬಿಳಿ ಇದ್ದ 1 ಮಿ.ಮೀ. ಮಾತ್ರ ಉಳಿಸಿ ಬಾಕಿಯದನ್ನು ಕತ್ತರಿಸಿ ಎಸೆಯಿರಿ. ಇಲ್ಲಿ ಜಿಪುಣತನ ಮಾಡಿ 3 ಮಿ.ಮೀ. ಇಟ್ಟುಕೊಂಡರೆ ಬೆಳೆದ ಉದ್ದ ಕೋಶಗಳ ಗುಂಪಿನಲ್ಲಿ ವಿಭಜನೆಯ ಕೋಶ ಮುಚ್ಚಿಹೋಗುತ್ತದೆ. ಶೇ. 45ರ ಅಸಿಟಿಕ್ ಆಮ್ಲದ ಒಂದು ಸಣ್ಣ ಹನಿ ಹಾಕಿ ಸೂಜಿಯಿಂದ ಕೆದಕಿ. ಕವರ್ ಸ್ಲಿಪ್ಪನ್ನು ಒಂದು ಅಂಚು ತಾಗಿಸಿ ಓರೆಯಾಗಿ ಇಳಿಸಿ, ಗಾಳಿಗುಳ್ಳೆ ಬರುವುದಿಲ್ಲ. ಬೆಂಕಿಕಡ್ಡಿಯ ಹಿಂಬದಿಯಿಂದ ಮಧ್ಯದಿಂದ ಅಂಚಿಗೆ ಮೆಲ್ಲಗೆ ತಟ್ಟುತ್ತ ಹೋದರೆ ಕೋಶಗಳು ಮಬ್ಬು ಮೋಡದಂತೆ ಹರಡುವುದು ಬರಿಗಣ್ಣಿಗೇ ಕಾಣುತ್ತದೆ. ಸ್ಪಿರಿಟ್ ಲ್ಯಾಂಪಿನ ಮೇಲೆ ಎರಡು ಮೂರು ಸಲ ಹಾಯಿಸಿ ಮುಂಗೈಗೆ ತಾಗಿಸಿ ನೋಡಿ. ಬೆಚ್ಚಗಿರಬೇಕು, ಸುಡಬಾರದು, ಹನಿ ಕುದಿಯಬಾರದು.

ಈಗ ಬ್ಲಾಟಿಂಗ್ ಪೇಪರ್ ಮಡಿಕೆಯ ನಡುವೆ ಸ್ಲೈಡ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಗೆ ಒತ್ತಿ. ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಕೋಶಗಳು ಹೊಸೆದುಕೊಂಡು ಬತ್ತಿಯಾಗುತ್ತವೆ. ಹತ್ತು ಸ್ಲೈಡ್ ಕೆಟ್ಟರೆ ಏಳು ಕೆಡುವುದು ಇಲ್ಲೇ.

ಕಂಡದ್ದನ್ನು ಓದುವುದು

ಮೈಕ್ರೋಸ್ಕೋಪಿನ 10 ಪಟ್ಟಿನ ಲೆನ್ಸಿನಲ್ಲಿ ಹುಡುಕಿ, 40ರಲ್ಲಿ ಆರಿಸಿ, ಎಣ್ಣೆ ಹಾಕಿ 100ರಲ್ಲಿ ಎಣಿಸಿ. ಸರಿಯಾದ ಕೋಶದಲ್ಲಿ ವರ್ಣತಂತುಗಳು ಸಾಲಾಗಿರದೆ ಚೆದುರಿರುತ್ತವೆ. ಪ್ರತಿಯೊಂದೂ ಬಾಯ್ದೆರೆದ ಕತ್ತರಿಯಂತೆ, ತೋಳುಗಳು ಅಗಲಿ ಸೆಂಟ್ರೊಮಿಯರ್‌ನಲ್ಲಿ ಮಾತ್ರ ಕೂಡಿರುತ್ತವೆ. ಒಟ್ಟು 16. ಒಂದು ಜೋಡಿಯ ತುದಿಯಲ್ಲಿ ಸಣ್ಣ ಗುಂಡಿಯಂಥ ಸ್ಯಾಟಲೈಟ್ ಕಂಡರೆ ನಿಮ್ಮ ಕೆಲಸ ಬಹಳ ಚೆನ್ನಾಗಿ ಬಂದಿದೆ ಎಂದರ್ಥ.

ಅನಾಫೇಸ್‌ಗಳು ಕಾಣುತ್ತಿವೆಯೇ? ಔಷಧ ಸತ್ತಿದೆ, ಬೆಳಕು ತಿಂದ ದ್ರಾವಣ ಅದು. ವರ್ಣತಂತುಗಳು ಅಕ್ಕಿ ನುಚ್ಚಿನಂತೆ ಗಿಡ್ಡ, ಸೆಂಟ್ರೊಮಿಯರ್ ಗುರುತಿಸಲಾಗದು ಅಂದರೆ ಹೊತ್ತು ಅಥವಾ ಬಿಸಿ ಹೆಚ್ಚಾಯಿತು. 32 ಎಣಿಕೆ ಬರುವ ಕೋಶಗಳು ಸಿಕ್ಕರೂ ಅದೇ ಕಥೆ, ಬೇರಿನ ತುದಿಯೂ ಗದೆಯಂತೆ ಊದಿರುತ್ತದೆ. ನೀರಿನ ವಯಲ್‌ನಲ್ಲೂ ವಿಭಜನೆ ಇಲ್ಲದಿದ್ದರೆ ತಪ್ಪು ಗಡ್ಡೆಯದ್ದು ಅಥವಾ ಫಿಕ್ಸೇಟಿವ್‌ನದ್ದು, ಕಾಲ್ಚಿಸಿನ್ನಿನದ್ದಲ್ಲ. ಕೋಶಗಳು ಇಟ್ಟಿಗೆ ಗೋಡೆಯಂತೆ ಅಂಟಿಕೊಂಡಿದ್ದರೆ ಬಿಸಿ ಆಮ್ಲದಲ್ಲಿ ಎರಡು ನಿಮಿಷ ಹೆಚ್ಚಿಡಿ. ಮುದ್ದೆಯಾಗಿ ಬಣ್ಣ ಪೇಲವವಾಗಿದ್ದರೆ ಕಡಿಮೆ ಮಾಡಿ. 14, 15 ಬಂದರೆ ಹೊಸ ಸಂಶೋಧನೆ ಅಂದುಕೊಳ್ಳಬೇಡಿ, ಜೋರಾಗಿ ಒತ್ತಿ ಕೋಶ ಒಡೆದಿದೆ. ಅಂಚು ಸರಿಯಿರುವ ಹತ್ತು ಕೋಶಗಳನ್ನಾದರೂ ಎಣಿಸಿ.

ಕಾಲ್ಚಿಸಿನ್ ಬೇಡವೆಂದರೆ

ಪದವಿ ತರಗತಿಯ 40 ಮಕ್ಕಳಿಗೆ ಈ ವಿಷವನ್ನು ಕೈಗೆ ಕೊಡುವುದು ಸರಿಯಲ್ಲ. 8-ಹೈಡ್ರಾಕ್ಸಿಕ್ವಿನೊಲಿನ್ 0.29 ಗ್ರಾಂ ಒಂದು ಲೀಟರ್ ನೀರಿಗೆ ಹಾಕಿ, 60 ಡಿಗ್ರಿಯಲ್ಲಿ ತಾಳ್ಮೆಯಿಂದ ಕರಗಿಸಿ ಆರಿಸಿ, 14ರಿಂದ 18 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಬೇರು ಇಟ್ಟರೆ ಸೆಂಟ್ರೊಮಿಯರ್, ಸ್ಯಾಟಲೈಟ್‌ಗಳು ಕಾಲ್ಚಿಸಿನ್ನಿಗಿಂತ ಸ್ಪಷ್ಟವಾಗಿಯೇ ಬರುತ್ತವೆ. ಇದಕ್ಕೂ ಗ್ಲೌಸ್ ಬೇಕು, ಆದರೆ ಕಾಲ್ಚಿಸಿನ್ನಿನಷ್ಟು ಭಯವಿಲ್ಲ. ಶಾಲೆಗಳಿಗೆ ಅದೂ ಬೇಡ. ಐಸ್ ನೀರು ಸಾಕು. ಚಳಿಗೂ ಸ್ಪಿಂಡಲ್ ಎಳೆಗಳು ಬಿಚ್ಚಿಕೊಳ್ಳುತ್ತವೆ. ಬೇರುಗಳನ್ನು ಐಸ್ ತುಂಡುಗಳಿರುವ ನೀರಿನಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 24 ಗಂಟೆ ಇಟ್ಟು ನಂತರ ಎಂದಿನಂತೆ ಫಿಕ್ಸ್ ಮಾಡಿ. ಐಸ್ ಕರಗಿ ನೀರು 4 ಡಿಗ್ರಿ ದಾಟಿದರೆ ಎಳೆಗಳು ಮತ್ತೆ ಕಟ್ಟಿಕೊಳ್ಳುವ ಅಪಾಯ ಇದೆ, ರಾತ್ರಿ ಮಲಗುವ ಮುನ್ನ ಒಮ್ಮೆ ಐಸ್ ತುಂಬಿ.

32 ವರ್ಣತಂತುಗಳ ಕೋಶ ಇಲ್ಲಿ ದೋಷ, ತಳಿ ಬೆಳೆಸುವವರಿಗೆ ಅದೇ ಗುರಿ. ಬೀಜವಿಲ್ಲದ ಕಲ್ಲಂಗಡಿಗೆ ಮೂಲವಾದ ನಾಲ್ಕು ಪಟ್ಟು ವರ್ಣತಂತುಗಳ ಗಿಡವನ್ನು ಎಳೆ ಸಸಿಯ ಸುಳಿಗೆ ಕಾಲ್ಚಿಸಿನ್ ಹನಿಸಿ ಪಡೆಯುತ್ತಾರೆ. ಆಮೇಲೆ ಅದನ್ನು ಸಾಮಾನ್ಯ ತಳಿಯೊಂದಿಗೆ ಸಂಕರಿಸಿದಾಗ ಬರುವ ಮೂರು ಪಟ್ಟಿನ ಗಿಡ ಗಟ್ಟಿ ಬೀಜ ಕಟ್ಟುವುದಿಲ್ಲ. ನಾವು ತಿನ್ನುವ ಹಣ್ಣಿಗೆ ಔಷಧ ಸೋಂಕಿರುವುದೇ ಇಲ್ಲ, ಅದು ತಗುಲಿದ್ದು ತಾಯಿಯ ಹಿಂದಿನ ಪೀಳಿಗೆಯ ಸಸಿಗೆ.

ಒಳ್ಳೆಯ ಸ್ಲೈಡ್ ಸಿಕ್ಕಿದರೆ ಕವರ್ ಸ್ಲಿಪ್ಪಿನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿ, ಒದ್ದೆ ಹತ್ತಿ ಇರುವ ಪೆಟ್ರಿ ಡಿಶ್‌ನಲ್ಲಿ ಫ್ರಿಜ್ಜಿನಲ್ಲಿಡಿ, ನಾಲ್ಕೈದು ದಿನ ನೋಡಬಹುದು. ಅದಕ್ಕೂ ಮೊದಲು ಫೋಟೊ ತೆಗೆಯಿರಿ, ಸ್ಲೈಡಿನ ಮೇಲೆ ಮಾರ್ಕರ್‌ನಲ್ಲಿ ಔಷಧ, ಗಂಟೆ, ಡಿಗ್ರಿ ಮೂರನ್ನೂ ಬರೆಯಿರಿ.